ಮಾನಿಟರ್‌ನಲ್ಲಿ ಕಂಡ ಬಣ್ಣ ದೊಡ್ಡ ಪ್ರಿಂಟಿನಲ್ಲೂ ಬರಬೇಕೇ?

ಚಿಕ್ಕಬಳ್ಳಾಪುರದ ಆಚೆ ಚೆಂಡು ಹೂವಿನ ತೋಟದಲ್ಲಿ ತೆಗೆದ ಮದುವೆ ಜೋಡಿಯ ಫೋಟೊ. ಮಾನಿಟರ್‌ನಲ್ಲಿ ಹೂವು ಬೆಂಕಿಯಂತೆ ಕೇಸರಿ. 24 ಇಂಚಿನ ರೋಲ್‌ನಲ್ಲಿ ಪ್ರಿಂಟ್ ಹೊರಬಂದಾಗ ಅದೇ ಹೂವು ಇಟ್ಟಿಗೆ ಬಣ್ಣ, ಮದುಮಗಳ ಕೆನ್ನೆ ಗುಲಾಬಿ. "ಪ್ರಿಂಟರ್ ಕೆಟ್ಟಿದೆ" ಎನ್ನುವ ಮಾತನ್ನು ನಮ್ಮೂರಿನ ಸ್ಟುಡಿಯೊಗಳಲ್ಲಿ ಎಷ್ಟು ಸಲ ಕೇಳಿದ್ದೇನೋ! ಆದರೆ ಪ್ರಿಂಟರ್ ಸರಿಯಾಗಿಯೇ ಇರುತ್ತದೆ. ಆ ಪ್ರಿಂಟರಿನಲ್ಲಿ, ಆ ಪೇಪರಿನ ಮೇಲೆ ಬಣ್ಣ ಹೇಗೆ ಬರುತ್ತದೆ ಎಂದು ಹೇಳುವ ಫೈಲೇ ಪ್ರೊಫೈಲ್. ಅದನ್ನು ಮಾಡುವಾಗಲೋ ಬಳಸುವಾಗಲೋ ತಪ್ಪಾಗಿರುತ್ತದೆ.

ಮೊದಲು ಮಾನಿಟರ್. ಅರ್ಧ ಗಂಟೆ ಆನ್ ಮಾಡಿಟ್ಟು, ಬಣ್ಣ ಅಳೆಯುವ ಸಾಧನವನ್ನು ಪರದೆಗೆ ಒರಗಿಸಿ ಕ್ಯಾಲಿಬ್ರೇಟ್ ಮಾಡಿ, ಅಂದರೆ ಬಣ್ಣವನ್ನು ಅಳತೆಗೆ ಹೊಂದಿಸಿ. ಬಿಳಿಯ ಛಾಯೆ 6500 ಕೆಲ್ವಿನ್, ನಡುಛಾಯೆಗಳ ಹೊಳಪು ನಿರ್ಧರಿಸುವ ಗಾಮಾ 2.2, ಬೆಳಕು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ. ಡಿಸ್‌ಪ್ಲೇಕ್ಯಾಲ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಕಣ್ಣಳತೆಯಲ್ಲಂತೂ ಮಾಡಬೇಡಿ. ಅಂಗಡಿಯಿಂದ ಬಂದ ಮಾನಿಟರ್‌ಗೆ ಬೆಳಕು ಜಾಸ್ತಿ. "ಪ್ರಿಂಟ್ ಕಪ್ಪಗೆ ಬಂತು" ಅನ್ನೋದು ಹೆಚ್ಚಾಗಿ ಇದರಿಂದಲೇ.

ಆಮೇಲೆ ನಾಝಲ್ ಚೆಕ್, ಅಂದರೆ ಇಂಕ್ ಬರುವ ಸಣ್ಣ ತೂತುಗಳು ಕಟ್ಟಿವೆಯೇ ಎಂದು ತೋರಿಸುವ ಗೆರೆಗಳ ಪ್ರಿಂಟ್. ಒಂದು ಗೆರೆ ಮುರಿದಿದ್ದರೂ ಮುಂದೆ ಹೋಗಬೇಡಿ.

ಈಗ ಎಲ್ಲರೂ ಎಡವುವ ಜಾಗ, ಚಾರ್ಟ್ ಪ್ರಿಂಟ್. ಚಾರ್ಟ್ ಎಂದರೆ ನೂರಾರು ಬಣ್ಣದ ಚೌಕಗಳು. ಪ್ರತಿ ಚೌಕಕ್ಕೆ ಯಾವ ಸಂಖ್ಯೆ ಕಳಿಸಿದ್ದೇವೆ ಎಂಬುದು ಸಾಫ್ಟ್‌ವೇರಿಗೆ ಗೊತ್ತು. ಪೇಪರಿನ ಮೇಲೆ ಏನು ಬಂತು ಎಂಬುದನ್ನು ಪ್ರಿಂಟಿನ ಬಣ್ಣ ಅಳೆಯುವ ಮೀಟರ್ (ಸ್ಪೆಕ್ಟ್ರೊಫೋಟೊಮೀಟರ್) ಓದುತ್ತದೆ. ಇವೆರಡನ್ನೂ ಹೊಂದಿಸುವ ಪಟ್ಟಿಯೇ ಪ್ರೊಫೈಲ್. ನಡುವೆ ಯಾರಾದರೂ ಬಣ್ಣ ತಿದ್ದಿದರೆ ನೀವು ಅಳೆಯುವುದು ಪ್ರಿಂಟರನ್ನಲ್ಲ, ಆ ತಿದ್ದುಪಡಿಯನ್ನು. ಹಾಗಾಗಿ ಚಾರ್ಟ್ ಪ್ರಿಂಟ್ ಮಾಡುವಾಗ ಕಲರ್ ಮ್ಯಾನೇಜ್‌ಮೆಂಟ್ (ತಾನಾಗಿಯೇ ಆಗುವ ಬಣ್ಣದ ತಿದ್ದುಪಡಿ) ಎಲ್ಲ ಕಡೆ ಆಫ್ ಇರಬೇಕು. ಫೋಟೊಶಾಪ್‌ನಲ್ಲಿ ಸಿಎಸ್5 ಆವೃತ್ತಿಯಿಂದ ಈಚೆಗೆ ಹಾಗೆ ಆಫ್ ಮಾಡುವ ಆಯ್ಕೆಯೇ ಇಲ್ಲ. ಅಡೋಬಿಯದೇ ಉಚಿತ ಕಲರ್ ಪ್ರಿಂಟರ್ ಯುಟಿಲಿಟಿಯಿಂದ ಪ್ರಿಂಟ್ ಕೊಡಿ. ಪ್ರಿಂಟರ್ ಜೊತೆ ಬರುವ ಸಾಫ್ಟ್‌ವೇರಾದ ಡ್ರೈವರ್‌ನಲ್ಲೂ ಬಣ್ಣದ ತಿದ್ದುಪಡಿ ಆಫ್ ಇದೆಯಾ, ಎರಡು ಸಲ ನೋಡಿ. ಚಾರ್ಟಿನ ಅಳತೆ ಬದಲಿಸಬೇಡಿ.

ಡ್ರೈವರ್‌ನಲ್ಲಿ ಮೀಡಿಯಾ ಟೈಪ್ (ಪೇಪರಿನ ಬಗೆ) ಯಾವುದು ಆರಿಸಿದಿರಿ ಎಂದು ಆಗಲೇ ಬರೆದಿಡಿ. ಎಷ್ಟು ಇಂಕ್ ಸುರಿಯಬೇಕು ಎಂದು ಪ್ರಿಂಟರ್ ಅದರಿಂದಲೇ ತಿಳಿಯುತ್ತದೆ. ನಾಳೆ ಬೇರೆ ಟೈಪ್ ಹಾಕಿದರೆ ಇವತ್ತಿನ ಪ್ರೊಫೈಲ್ ದಂಡ.

ಚಾರ್ಟನ್ನು ಒಂದು ರಾತ್ರಿ ಒಣಗಲು ಬಿಡಿ. ಗ್ರಾಹಕರು ಬಾಗಿಲಲ್ಲಿ ಕಾಯುತ್ತಿದ್ದರೂ ಸರಿ. ನಾನು ಒಮ್ಮೆ ಮಧ್ಯಾಹ್ನವೇ ಅಳೆದುಬಿಟ್ಟೆ. ಮರುದಿನ ಮತ್ತೆ ಅಳೆದಾಗ ಕಡು ನೀಲಿ, ಕಡು ಕಂದು ಚೌಕಗಳ ಅಂಕಿ ಬೇರೆಯೇ ಆಗಿತ್ತು. ಅಳೆಯುವಾಗ ಅಡಿಯಲ್ಲಿ ಅದೇ ಪೇಪರಿನ ಎರಡು ಮೂರು ಹಾಳೆ ಹಾಸಿ. ಇಲ್ಲದಿದ್ದರೆ ಮೇಜಿನ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಮೀಟರನ್ನು ಸಾಲಿನುದ್ದಕ್ಕೂ ಒಂದೇ ವೇಗದಲ್ಲಿ ಎಳೆಯಿರಿ. ಉಳಿದದ್ದು ಸಾಫ್ಟ್‌ವೇರ್ ಕೆಲಸ.

ಮೀಟರ್ ದುಬಾರಿ, ನಿಜ. ಕೊಳ್ಳಲು ಆಗದಿದ್ದರೆ ಸದ್ಯಕ್ಕೆ ಪೇಪರ್ ಕಂಪನಿ ನಿಮ್ಮದೇ ಮಾಡೆಲ್‌ಗೆ ಕೊಡುವ ಪ್ರೊಫೈಲ್ ಹಾಕಿಕೊಳ್ಳಿ, ತಪ್ಪಿಲ್ಲ. ಆದರೆ ಅಗ್ಗದ ರೀಫಿಲ್ ಇಂಕ್ ಬೇಡವೇ ಬೇಡ. ಬಾಟಲಿಯಿಂದ ಬಾಟಲಿಗೆ ಬಣ್ಣ ಬದಲಾದರೆ ಯಾವ ಪ್ರೊಫೈಲೂ ಕೈಹಿಡಿಯಲ್ಲ.

ಇನ್ನು ಫೋಟೊ ಪ್ರಿಂಟ್. ಫೋಟೊಶಾಪ್ ಬಣ್ಣ ನೋಡಿಕೊಳ್ಳಲಿ ಎಂದು ಆರಿಸಿ, ನಿಮ್ಮ ಪ್ರೊಫೈಲ್ ಹಾಕಿ, ಡ್ರೈವರ್‌ನಲ್ಲಿ ಬಣ್ಣದ ತಿದ್ದುಪಡಿ ಆಫ್ ಮಾಡಿ. ಎರಡೂ ಆನ್ ಇದ್ದರೆ ಒಂದೇ ಬಣ್ಣವನ್ನು ಇಬ್ಬರು ತಿದ್ದಿದ ಹಾಗೆ. ಆ ಇಟ್ಟಿಗೆ ಬಣ್ಣದ ಹೂವು, ಗುಲಾಬಿ ಕೆನ್ನೆ ಬಂದದ್ದು ಹೀಗೇ.

ಪ್ರಿಂಟ್ ಒತ್ತುವ ಮೊದಲು, ಪ್ರಿಂಟ್ ಹೇಗೆ ಬರುತ್ತದೆ ಎಂದು ಪರದೆಯಲ್ಲೇ ತೋರಿಸುವ ಫೋಟೊಶಾಪ್‌ನ ಪ್ರೂಫ್ ಸೆಟಪ್‌ನಲ್ಲಿ ಅದೇ ಪ್ರೊಫೈಲ್ ಆರಿಸಿ, ಕಂಟ್ರೋಲ್, ಶಿಫ್ಟ್, ವೈ ಒಟ್ಟಿಗೆ ಒತ್ತಿ. ಆ ಪೇಪರಿಗೆ ಎಟುಕದ ಬಣ್ಣ ಬೂದು ಬಣ್ಣವಾಗಿ ಕಾಣುತ್ತದೆ. ಹೊಳಪಿಲ್ಲದ ಮ್ಯಾಟ್ ಪೇಪರ್‌ನಲ್ಲಿ ಚೆಂಡು ಹೂವಿನ ಎಸಳೆಲ್ಲ ಹೀಗೆ ಬೂದು ಬಣ್ಣವಾಗುವುದನ್ನು ನೋಡಿದ್ದೇನೆ. ಅಂಥ ಫೋಟೊಗೆ ತುಸು ಹೊಳಪಿನ ಲಸ್ಟರ್ ಪೇಪರೇ ಸರಿ. ಇಂಟೆಂಟ್, ಅಂದರೆ ಎಟುಕದ ಬಣ್ಣವನ್ನು ಹೇಗೆ ಹೊಂದಿಸಬೇಕು ಎಂಬ ಆಯ್ಕೆ, ಎಲ್ಲ ಬಣ್ಣವನ್ನೂ ಒಟ್ಟಿಗೆ ತುಸು ಕುಗ್ಗಿಸುವ ಪರ್ಸೆಪ್ಚುವಲ್ ಇರಲಿ. ಮುಖಗಳೇ ಮುಖ್ಯವಾದ ಫೋಟೊಗೆ ಎಟುಕುವ ಬಣ್ಣವನ್ನು ಹಾಗೇ ಉಳಿಸುವ ರಿಲೇಟಿವ್ ಕಲರಿಮೆಟ್ರಿಕ್ ಇಟ್ಟು, ಕಡು ನೆರಳಿನ ವಿವರ ಉಳಿಸುವ ಬ್ಲ್ಯಾಕ್ ಪಾಯಿಂಟ್ ಕಾಂಪನ್ಸೇಷನ್ ಆನ್ ಮಾಡಿ.

ಬಂದ ಪ್ರಿಂಟನ್ನು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಿ ತೀರ್ಮಾನ ಮಾಡಬೇಡಿ. 5000 ಕೆಲ್ವಿನ್‌ನ ಒಳ್ಳೆಯ ದೀಪ ಇಲ್ಲದಿದ್ದರೆ ಹಗಲಲ್ಲಿ ಬಾಗಿಲ ಬಳಿ, ನೇರ ಬಿಸಿಲು ಬೀಳದ ಕಡೆ ಹಿಡಿದು ನೋಡಿ. ಪ್ರೊಫೈಲ್ ಫೈಲಿನ ಹೆಸರಲ್ಲೇ ಪೇಪರ್, ಮೀಡಿಯಾ ಟೈಪ್, ತಾರೀಖು ಮೂರನ್ನೂ ಬರೆಯಿರಿ. "ಹೊಸ ಪ್ರೊಫೈಲ್ 2" ಅಂತ ಸುಮ್ನೆ ಇಟ್ಟರೆ ಆರು ತಿಂಗಳ ಮೇಲೆ ಅದು ಯಾವ ಪೇಪರಿನದು ಎಂದು ನಿಮಗೇ ತಿಳಿಯುವುದಿಲ್ಲ.