ಲೋಕಲ್ ಎಲ್‌ಯು ಸೇರಿಸುವುದು ಹೇಗೆ? ಮೊದಲು ಫೋನ್, ಆಮೇಲೆ ಕೀಬೋರ್ಡ್

ಎಲ್‌ಯು ಅಂದರೆ ಐಬಿಎಂನ ಎಸ್‌ಎನ್‌ಎ ನೆಟ್‌ವರ್ಕಿನಲ್ಲಿ ಪ್ರೋಗ್ರಾಮುಗಳು ಮೇನ್‌ಫ್ರೇಮ್ ಅನ್ನುವ ದೊಡ್ಡ ಕಂಪ್ಯೂಟರ್ ಜೊತೆ ಮಾತಾಡಲು ಬಳಸುವ ವಿಳಾಸ. ನಿಮ್ಮ ಸರ್ವರಿನಲ್ಲಿರುವುದು ಲೋಕಲ್ ಎಲ್‌ಯು. ಅದನ್ನು ಸೇರಿಸುವ ಸ್ಕ್ರೀನಿನಲ್ಲಿ ತುಂಬಬೇಕಾದ ಖಾನೆಗಳು ನಾಲ್ಕೋ ಐದೋ ಅಷ್ಟೇ. ಟೈಪ್ ಮಾಡಲು ಎರಡು ನಿಮಿಷ ಸಾಕು. ಆದರೂ ಅದೇ ಸ್ಕ್ರೀನಿನ ಮುಂದೆ ಅರ್ಧ ದಿನ ತಲೆ ಕೆರೆದುಕೊಂಡು ಕೂತವರನ್ನು ನೋಡಿದ್ದೇನೆ. ನಾನೂ ಕೂತಿದ್ದೇನೆ. ಕಷ್ಟ ಇರುವುದು ಸಾಫ್ಟ್‌ವೇರಿನಲ್ಲಿ ಅಲ್ಲ. ಆ ಖಾನೆಗಳಿಗೆ ಹೋಗುವ ಮಾಹಿತಿಯಲ್ಲಿ ಅರ್ಧ ನಿಮ್ಮ ಕೈಯಲ್ಲೇ ಇರುವುದಿಲ್ಲ. ಅದು ಮೇನ್‌ಫ್ರೇಮ್ ನೋಡಿಕೊಳ್ಳುವವರ ಹತ್ತಿರ ಇರುತ್ತದೆ. ಅವರನ್ನು ಕೇಳದೆ ಊಹೆ ಮೇಲೆ ತುಂಬಿದರೂ ಸ್ಕ್ರೀನ್ ತುಟಿಪಿಟಕ್ ಅನ್ನದೆ ಸೇವ್ ಆಗುತ್ತದೆ. ತಕರಾರು ಶುರುವಾಗುವುದು ಆಮೇಲೆ.

ಐಬಿಎಂ ಕಂಪನಿ ಎಸ್‌ಎನ್‌ಎ, ಅಂದರೆ ಸಿಸ್ಟಮ್ಸ್ ನೆಟ್‌ವರ್ಕ್ ಆರ್ಕಿಟೆಕ್ಚರ್ ಅನ್ನುವ ನೆಟ್‌ವರ್ಕ್ ನಿಯಮಗಳನ್ನು, ತಂದದ್ದು 1974ರಲ್ಲಿ. ಇಂಟರ್ನೆಟ್ ಬಂದ ಮೇಲೆ ಇದು ಮುಗಿದ ಕಥೆ ಅಂದುಕೊಂಡವರು ಬಹಳ ಜನ. ಮುಗಿಯಲಿಲ್ಲ. ಕೆಳಗಿನ ಕೇಬಲ್ ಬದಲಾಯಿತು, ಟೋಕನ್ ರಿಂಗ್ ಅನ್ನುವ ಹಳೆಯ ಜಾಲ ಹೋಗಿ ಇಂಟರ್ನೆಟ್ಟಿನ ಐಪಿ ಬಂತು. ಮೇಲಿನ ಹಳೆಯ ಪ್ರೋಗ್ರಾಮುಗಳು ಮಾತ್ರ ಎಲ್‌ಯು ಭಾಷೆಯಲ್ಲೇ ಮಾತಾಡುತ್ತಿವೆ. ಬೆಂಗಳೂರಿನಲ್ಲಿ ಕೂತು ಹೊರದೇಶದ ಬ್ಯಾಂಕು, ವಿಮೆ ಕಂಪನಿಗಳ ಮೇನ್‌ಫ್ರೇಮ್ ನೋಡಿಕೊಳ್ಳುವ ಹೊಸಬರಿಗೆ ಒಂದಲ್ಲ ಒಂದು ದಿನ ಈ ಟಿಕೆಟ್ ಬರಬಹುದು: ‘ಲಿನಕ್ಸ್ ಸರ್ವರಿಗೆ ಒಂದು ಲೋಕಲ್ ಎಲ್‌ಯು ಸೇರಿಸಿ.’ ನಾನಿಲ್ಲಿ ಎಸ್‌ಎನ್‌ಎ ಮಾತು ನಡೆಸಿಕೊಡುವ ಸಾಫ್ಟ್‌ವೇರ್ ಆದ ಐಬಿಎಂ ಕಮ್ಯುನಿಕೇಷನ್ಸ್ ಸರ್ವರಿನ ಲಿನಕ್ಸ್ ಆವೃತ್ತಿ ಇಟ್ಟುಕೊಂಡು ಹೇಳುತ್ತೇನೆ. ಮೈಕ್ರೋಸಾಫ್ಟಿನ ಹೋಸ್ಟ್ ಇಂಟಿಗ್ರೇಷನ್ ಸರ್ವರಿನಲ್ಲಿ ಬಟನ್‌ಗಳ ಜಾಗ ಬೇರೆ, ಲೆಕ್ಕ ಒಂದೇ.

ವಠಾರದ ಲೆಕ್ಕ

ಪಿಯು ಅಂದ ಕೂಡಲೇ ನಮಗೆ ನೆನಪಾಗುವುದು ಸೆಕೆಂಡ್ ಪಿಯು ಪರೀಕ್ಷೆ. ಇಲ್ಲಿ ಅದು ಫಿಸಿಕಲ್ ಯೂನಿಟ್. ಒಂದು ವಠಾರ ಅಂದುಕೊಳ್ಳಿ. ನಿಮ್ಮ ಲಿನಕ್ಸ್ ಸರ್ವರ್ ಆ ವಠಾರ. ಒಳಗಿನ ಒಂದೊಂದು ಮನೆಯೂ ಒಂದೊಂದು ಎಲ್‌ಯು, ಅಂದರೆ ಲಾಜಿಕಲ್ ಯೂನಿಟ್. ಪ್ರೋಗ್ರಾಮುಗಳು ವಾಸ ಮಾಡುವುದು, ಹೊರಗಿನವರ ಜೊತೆ ಮಾತಾಡುವುದು ಈ ಮನೆಗಳಿಂದ. ಮೇನ್‌ಫ್ರೇಮಿನಲ್ಲಿ ಓಡುವ ವಿಟ್ಯಾಮ್ ಅನ್ನುವ ಸಾಫ್ಟ್‌ವೇರ್ ವಠಾರದ ಯಜಮಾನ. ಯಾವ ಮನೆ ಎಲ್ಲಿದೆ, ಬೀಗ ತೆಗೆದಿದೆಯಾ ಇಲ್ಲವಾ, ಎಲ್ಲ ಅವನ ಲೆಕ್ಕದಲ್ಲಿರುತ್ತದೆ.

‘ಲೋಕಲ್’ ಅನ್ನುವ ಪದ ಹೊಸಬರನ್ನು ಚೆನ್ನಾಗಿ ದಾರಿ ತಪ್ಪಿಸುತ್ತದೆ. ಲೋಕಲ್ ಅಂದರೆ ನಿಮ್ಮ ಸರ್ವರಿನ ಒಳಗಿರುವುದು. ಆ ಕಡೆ ಇರುವುದು ಪಾರ್ಟ್‌ನರ್ ಎಲ್‌ಯು, ಉದಾಹರಣೆಗೆ ಮೇನ್‌ಫ್ರೇಮಿನಲ್ಲಿ ವ್ಯವಹಾರಗಳನ್ನು ನಡೆಸುವ ಸಾಫ್ಟ್‌ವೇರ್ ಆದ ಸಿಐಸಿಎಸ್. ಆದರೆ ಮೇನ್‌ಫ್ರೇಮಿನವರು ತಮ್ಮ ಕುರ್ಚಿಯಿಂದ ನೋಡಿದಾಗ ಅವರದು ಲೋಕಲ್, ನಿಮ್ಮದು ರಿಮೋಟ್. ಫೋನಿನಲ್ಲಿ ಇಬ್ಬರೂ ‘ಲೋಕಲ್ ಎಲ್‌ಯು’ ಅನ್ನುತ್ತಾ ಹತ್ತು ನಿಮಿಷ ಬೇರೆ ಬೇರೆ ವಸ್ತುವಿನ ಬಗ್ಗೆ ಮಾತಾಡಿದ್ದನ್ನು ಕೇಳಿಸಿಕೊಂಡಿದ್ದೇನೆ. ಆ ಪದವನ್ನೇ ಬಿಟ್ಟು ಎಲ್‌ಯು ಹೆಸರನ್ನೇ ಹೇಳುವುದು ವಾಸಿ.

ಮೊದಲ ಪ್ರಶ್ನೆ: ಬೀಗ ಯಾರ ಕೈಯಲ್ಲಿ?

ಎಲ್‌ಯುಗಳಲ್ಲಿ ಎರಡು ಜಾತಿ. ಡಿಪೆಂಡೆಂಟ್ ಎಲ್‌ಯು ಬಾಡಿಗೆ ಮನೆ ಇದ್ದ ಹಾಗೆ. ಯಜಮಾನ ಬಂದು ಬೀಗ ತೆಗೆಯುವ ತನಕ ಅದು ಸುಮ್ನೆ ಕೂತಿರಬೇಕು. ವಿಟ್ಯಾಮ್ ಮೊದಲು ಪಿಯುವನ್ನು ಎಬ್ಬಿಸುತ್ತದೆ, ಆಮೇಲೆ ಒಂದೊಂದೇ ಎಲ್‌ಯುಗೆ ‘ಆಕ್ಟ್‌ಎಲ್‌ಯು’ ಅನ್ನುವ ಸಂದೇಶ ಕಳಿಸುತ್ತದೆ. ಸೆಷನ್, ಅಂದರೆ ಎರಡು ಎಲ್‌ಯುಗಳ ನಡುವಿನ ಸಂಪರ್ಕ, ಶುರು ಮಾಡುವ ‘ಬೈಂಡ್’ ಸಂದೇಶವೂ ಮೇನ್‌ಫ್ರೇಮ್ ಕಡೆಯಿಂದಲೇ ಬರಬೇಕು. ಮೇನ್‌ಫ್ರೇಮಿನ ಹಸಿರು ಅಕ್ಷರದ 3270 ಪರದೆಗಳು ಎಲ್‌ಯು 2, ಅವುಗಳ ಪ್ರಿಂಟರುಗಳು ಎಲ್‌ಯು 1 ಅಥವಾ 3. ಇವೆಲ್ಲ ಡಿಪೆಂಡೆಂಟ್.

ಇಂಡಿಪೆಂಡೆಂಟ್ ಎಲ್‌ಯು ಸ್ವಂತ ಮನೆ. ಯಜಮಾನನ ಅಪ್ಪಣೆ ಬೇಡ, ಅದೇ ಹೋಗಿ ಎದುರು ಮನೆ ಬಾಗಿಲು ತಟ್ಟಬಹುದು. ಅಂದರೆ ಬೈಂಡ್ ಕಳಿಸಬಹುದು. ಒಂದೇ ಪಾರ್ಟ್‌ನರ್ ಜೊತೆ ಒಟ್ಟೊಟ್ಟಿಗೆ ಹಲವು ಸೆಷನ್ ಇಟ್ಟುಕೊಳ್ಳಬಹುದು. ಈ ಸೌಲಭ್ಯ ಇರುವುದು ಎಲ್‌ಯು 6.2ಗೆ ಮಾತ್ರ. ಪ್ರೋಗ್ರಾಮಿಗೂ ಪ್ರೋಗ್ರಾಮಿಗೂ ನಡೆಯುವ ಎಪಿಪಿಸಿ ಮಾತುಕತೆ ಆಗುವುದು ಇದರ ಮೇಲೆ. 6.2 ಡಿಪೆಂಡೆಂಟ್ ಆಗಿಯೂ ಇರಬಹುದು, ಆದರೆ ಹಾಗೆ ಇಡಿ ಎಂದು ಯಾರಾದರೂ ಹೇಳಿದರೆ ಯಾಕೆ ಅಂತ ಒಂದು ಸಲ ಕೇಳಿ. ಬಹಳ ಸಲ ಉತ್ತರ ‘ಮೊದಲಿಂದ ಹಾಗೇ ಇದೆ’ ಅಂತಲೇ ಬರುತ್ತದೆ.

ಎರಡನ್ನೂ ಗುರುತಿಸುವುದು ಒಂದು ನಂಬರ್. ಮನೆ ನಂಬರ್ ಅನ್ನಿ. ಇಂಡಿಪೆಂಡೆಂಟ್ ಆದರೆ 0. ಡಿಪೆಂಡೆಂಟ್ ಆದರೆ ಸಾಮಾನ್ಯವಾಗಿ 1ರಿಂದ 254ರ ಒಳಗೆ ಒಂದು ಸಂಖ್ಯೆ. ನಿಮ್ಮ ಸ್ಕ್ರೀನಿನಲ್ಲಿ ಇದರ ಹೆಸರು ಎಲ್‌ಯು ನಂಬರ್, ಕಮಾಂಡಿನಲ್ಲಿ ಎನ್‌ಎಯು ಅಡ್ರೆಸ್, ವಿಟ್ಯಾಮ್ ಕಡೆ ಲೋಕ್‌ಅಡ್ರ್. ಮೂರೂ ಒಂದೇ.

ಇಲ್ಲೊಂದು ಮಜಾ ಇದೆ. 3270 ಎಲ್‌ಯುಗಳಲ್ಲಿ ಹೊಂದಬೇಕಾದ್ದು ಈ ನಂಬರ್ ಮಾತ್ರ, ಹೆಸರಲ್ಲ. ಆಕ್ಟ್‌ಎಲ್‌ಯು ಹುಡುಕಿಕೊಂಡು ಬರುವುದು ಮನೆ ನಂಬರನ್ನು. ನೀವು ಬಾಗಿಲ ಮೇಲೆ ಯಾವ ಹೆಸರು ಬರೆದುಕೊಂಡರೂ ಕೆಲಸ ನಡೆಯುತ್ತದೆ. ಹಾಗಂತ ಬೇರೆ ಹೆಸರು ಬರೆದರೆ, ತೊಂದರೆ ಬಂದ ದಿನ ಎರಡೂ ಕಡೆಯವರು ಎರಡು ಹೆಸರು ಹಿಡಿದು ಜಗಳ ಆಡಬೇಕಾಗುತ್ತದೆ. 6.2 ವಿಷಯದಲ್ಲಿ ಈ ಸಲಿಗೆ ಇಲ್ಲ. ಬೈಂಡ್ ಸಂದೇಶದ ಒಳಗೇ ಹೆಸರು ಹೋಗುತ್ತದೆ.

ಈಗ ಫೋನ್ ಎತ್ತಿ

ವಿಟ್ಯಾಮ್ ನೋಡಿಕೊಳ್ಳುವವರಿಂದ ನಿಮಗೆ ಬೇಕಾದ್ದು ಇಷ್ಟು: ನೆಟ್‌ವರ್ಕ್ ಹೆಸರು, ಎಲ್‌ಯು ಹೆಸರು, ಡಿಪೆಂಡೆಂಟ್ ಆದರೆ ಅದರ ನಂಬರ್ ಮತ್ತು ಅದು ಯಾವ ಪಿಯು ಕೆಳಗೆ ಬರುತ್ತದೆ ಎನ್ನುವುದು, ಪಾರ್ಟ್‌ನರ್ ಎಲ್‌ಯುವಿನ ಪೂರ್ತಿ ಹೆಸರು, ಮೋಡ್ (ಸೆಷನ್ನಿನ ಷರತ್ತುಗಳ ಕಟ್ಟು) ಹೆಸರು. ಮೇನ್‌ಫ್ರೇಮಿಗೆ ಹೋಗುವ ಲಿಂಕ್ ಕೂಡ ಹೊಸದಾದರೆ ನೋಡ್ ಐಡಿಯನ್ನೂ, ಅಂದರೆ ನಿಮ್ಮ ಸರ್ವರಿನ ಗುರುತು ಸಂಖ್ಯೆಯನ್ನೂ ಕೇಳಿಕೊಳ್ಳಿ. ಅದು ಮೂರು ಅಂಕಿಯ ಬ್ಲಾಕ್ ನಂಬರ್, ಐದು ಅಂಕಿಯ ಐಡಿ ನಂಬರ್ ಸೇರಿದ ಎಂಟು ಹೆಕ್ಸ್ ಅಂಕಿ. ಫೋನಿನಲ್ಲಿ ಬರೆದುಕೊಂಡದ್ದನ್ನು ಮೇಲ್‌ನಲ್ಲಿ ಇನ್ನೊಮ್ಮೆ ತರಿಸಿಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೆಸರಿಗೆ ಕಟ್ಟುಪಾಡು ಇದೆ. ಗರಿಷ್ಠ ಎಂಟು ಅಕ್ಷರ, ಎಲ್ಲ ಇಂಗ್ಲಿಷ್ ಕ್ಯಾಪಿಟಲ್, ಅಂಕಿಯಿಂದ ಶುರುವಾಗುವಂತಿಲ್ಲ. ಮುಂದೆ ನೆಟ್‌ವರ್ಕ್ ಹೆಸರು, ನಡುವೆ ಒಂದು ಚುಕ್ಕಿ ಸೇರಿದರೆ ಪೂರ್ತಿ ಹೆಸರು 17 ಅಕ್ಷರ ದಾಟುವುದಿಲ್ಲ. ಡಾಲರ್, ಹ್ಯಾಶ್, ಅಟ್ ಚಿಹ್ನೆಗಳನ್ನೂ ಬಳಸಬಹುದು ಅನ್ನುತ್ತದೆ ನಿಯಮ. ದಯವಿಟ್ಟು ಬಳಸಬೇಡಿ. ಮೇನ್‌ಫ್ರೇಮಿನ ಎಬ್ಸಿಡಿಕ್ ಲಿಪಿಯಲ್ಲಿ ಈ ಮೂರರ ಜಾಗ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಮೆರಿಕದ ಕೋಡ್ ಪೇಜಿನಲ್ಲಿ ಡಾಲರ್ ಕಾಣುವ ಜಾಗದಲ್ಲಿ ಬ್ರಿಟನ್ನಿನ ಕೋಡ್ ಪೇಜ್ ಪೌಂಡ್ ಚಿಹ್ನೆ ತೋರಿಸುತ್ತದೆ. ಒಂದೇ ಎಲ್‌ಯು ನ್ಯೂಯಾರ್ಕಿನವರಿಗೆ ಒಂದು ಹೆಸರಿನಲ್ಲಿ, ಲಂಡನ್ನಿನವರಿಗೆ ಇನ್ನೊಂದು ಹೆಸರಿನಲ್ಲಿ ಕಂಡರೆ ಯಾರಿಗೆ ಬೇಕು ಆ ಗೋಳು?

ಇದರ ಜೊತೆಗೆ ಅಲಿಯಾಸ್ ಅಂತ ಇನ್ನೊಂದು ಹೆಸರು. ಶಾಲೆ ರಿಜಿಸ್ಟರಿನಲ್ಲಿ ವೆಂಕಟೇಶ, ಮನೆಯಲ್ಲಿ ವೆಂಕಿ ಅನ್ನುತ್ತೇವಲ್ಲ, ಹಾಗೆ. ಅಲಿಯಾಸ್ ನಿಮ್ಮ ಸರ್ವರಿನ ಹೊಸ್ತಿಲು ದಾಟುವುದಿಲ್ಲ. ಸರ್ವರಿನಲ್ಲಿ ಓಡುವ ಪ್ರೋಗ್ರಾಮುಗಳು ಎಲ್‌ಯುವನ್ನು ಕರೆಯುವುದು ಇದೇ ಹೆಸರಿನಿಂದ. ಹಾಗಾಗಿ ಇದನ್ನು ಕೇಳಬೇಕಾದ್ದು ವಿಟ್ಯಾಮ್‌ನವರನ್ನಲ್ಲ, ಪ್ರೋಗ್ರಾಮ್ ಬರೆದವರನ್ನು. ಅಲಿಯಾಸಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಎನ್ನುವುದು ನೆನಪಿರಲಿ.

ಸ್ಕ್ರೀನಿನ ಮುಂದೆ

ಏನೇ ಮುಟ್ಟುವ ಮೊದಲು ಎಸ್‌ಎನ್‌ಎ ನೋಡ್ ಕಾನ್ಫಿಗರೇಷನ್ ಫೈಲಿನ ಒಂದು ಕಾಪಿ ತೆಗೆದಿಡಿ. ಅದು ಸಾದಾ ಟೆಕ್ಸ್ಟ್ ಫೈಲ್. ಕೆಟ್ಟರೆ ಹಳೆಯದನ್ನು ವಾಪಸ್ ಇಡಬಹುದು.

ಅಡ್ಮಿನ್ ಪ್ರೋಗ್ರಾಮಿನಲ್ಲಿ ನಿಮ್ಮ ನೋಡ್ ತೆರೆಯಿರಿ. ಆ ಕಿಟಕಿಯನ್ನು ಸ್ವಲ್ಪ ಗಮನವಿಟ್ಟು ನೋಡಿ, ಆಗಲೇ ಹೇಳಿದ ಎರಡು ಜಾತಿಯನ್ನು ಅದು ಬೇರೆ ಬೇರೆ ಪಟ್ಟಿಯಲ್ಲಿ ಇಟ್ಟಿದೆ. ಇಂಡಿಪೆಂಡೆಂಟ್ ಲೋಕಲ್ ಎಲ್‌ಯುಗಳಿಗೆ ಅವುಗಳದ್ದೇ ಒಂದು ಪಟ್ಟಿ. ಡಿಪೆಂಡೆಂಟ್ ಎಲ್‌ಯುಗಳು ಮಾತ್ರ ಲಿಂಕ್ ಸ್ಟೇಷನ್ನಿನ, ಅಂದರೆ ಮೇನ್‌ಫ್ರೇಮಿಗೆ ಹೋಗುವ ಒಂದು ದಾರಿಯ, ಕೆಳಗೆ ನೇತಾಡುತ್ತಿರುತ್ತವೆ. ಸ್ವಂತ ಮನೆಯವರಿಗೆ ದಾರಿ ಯಾವುದಾದರೂ ಆದೀತು, ಬಾಡಿಗೆಯವರು ಒಂದೇ ದಾರಿಗೆ ಕಟ್ಟುಬಿದ್ದವರು.

ಇಂಡಿಪೆಂಡೆಂಟ್ ಬೇಕಾದರೆ ಆ ಪಟ್ಟಿಯ ತಲೆಬರಹ ಆಯ್ದು ‘ನ್ಯೂ’ ಒತ್ತಿ. ಎಲ್‌ಯು ಹೆಸರು ಹಾಕಿ, ಅಲಿಯಾಸ್ ಹಾಕಿ. ಈ ಸಾಫ್ಟ್‌ವೇರಿನಲ್ಲಿ ನೆಟ್‌ವರ್ಕ್ ಹೆಸರನ್ನು ಇಲ್ಲಿ ಕೇಳುವುದಿಲ್ಲ, ನೋಡಿನದ್ದನ್ನೇ ತಗೊಳ್ಳುತ್ತದೆ. ಮೈಕ್ರೋಸಾಫ್ಟಿನದ್ದರಲ್ಲಿ ಅದನ್ನೂ ನೀವೇ ಬರೆಯಬೇಕು. ಸಿಂಕ್‌ಪಾಯಿಂಟ್ ಬೆಂಬಲ ಅಂತ ಒಂದು ಟಿಕ್ ಖಾನೆ ಕಾಣುತ್ತದೆ. ಎರಡು ಕಡೆಯ ಡೇಟಾಬೇಸ್ ಒಟ್ಟಿಗೇ ಕಮಿಟ್ ಆಗಬೇಕಾದ ವ್ಯವಹಾರಗಳಿಗೆ ಅದು ಬೇಕು, ಅದಕ್ಕೆ ಬೇರೆ ಸಾಫ್ಟ್‌ವೇರೂ ಜೊತೆಗಿರಬೇಕು. ಯಾರೂ ಕೇಳಿಲ್ಲ ಅಂದರೆ ಖಾಲಿ ಬಿಡಿ. ಟಿಕ್ ಇದ್ದರೆ ಜಾಸ್ತಿ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಡಿಪೆಂಡೆಂಟ್ 6.2 ಆದರೆ ಮೊದಲು ಲಿಂಕ್ ಸ್ಟೇಷನ್ ಆಯ್ದುಕೊಂಡು ಅದರ ಕೆಳಗೆ ಹೊಸ ಡಿಪೆಂಡೆಂಟ್ ಲೋಕಲ್ ಎಲ್‌ಯು ಸೇರಿಸಿ. ಇಲ್ಲಿ ಎಲ್‌ಯು ನಂಬರ್ ಖಾನೆಯೂ ಇರುತ್ತದೆ. ‘ಡೀಫಾಲ್ಟ್ ಪೂಲ್ ಸದಸ್ಯ’ ಎನ್ನುವ ಆಯ್ಕೆ ಹಾಕಿದರೆ, ಹೆಸರು ಹೇಳದೆ ಬರುವ ಪ್ರೋಗ್ರಾಮುಗಳಿಗೆ ಖಾಲಿ ಇರುವ ಎಲ್‌ಯು ಸಿಗುತ್ತದೆ. 3270ಗೆ ನೂರು ಎಲ್‌ಯು ಬೇಕೆಂದರೆ ಒಂದೊಂದಾಗಿ ಮಾಡುತ್ತಾ ಕೂರಬೇಡಿ. ಶ್ರೇಣಿ ಕೊಟ್ಟು ಒಂದೇ ಏಟಿಗೆ ಮಾಡುವ ಆಯ್ಕೆ ಇದೆ.

ಕಮಾಂಡ್ ಇಷ್ಟವಾದರೆ ‘ಡಿಫೈನ್ ಲೋಕಲ್ ಎಲ್‌ಯು’ ಕಮಾಂಡಿಗೆ ಇದೇ ಮಾಹಿತಿ ಕೊಟ್ಟರಾಯಿತು. ಹತ್ತು ಸರ್ವರಿನಲ್ಲಿ ಅದೇ ಕೆಲಸ ಇದ್ದರೆ ನಾನು ಕಮಾಂಡನ್ನೇ ಹಿಡಿಯುತ್ತೇನೆ. ‘ಕ್ವೆರಿ ಲೋಕಲ್ ಎಲ್‌ಯು’ ಕೊಟ್ಟು ಬರೆದದ್ದು ಸರಿಯಾಗಿ ಕೂತಿದೆಯಾ ನೋಡಿಕೊಳ್ಳಿ.

ಒಂದು ಸೊನ್ನೆಯ ಕಥೆ

ಮೇಲ್ ತರಿಸಿಕೊಳ್ಳಿ ಅಂದೆನಲ್ಲ. ಒಂದು ಭಾನುವಾರ ಬೆಳಗ್ಗೆ ಒಂಬತ್ತೂವರೆ. ಅಮೆರಿಕದ ಪೂರ್ವ ತೀರದಲ್ಲಿ ಶನಿವಾರ ರಾತ್ರಿ ಹನ್ನೊಂದು, ಬದಲಾವಣೆ ಮಾಡಲು ಕೊಟ್ಟ ಸಮಯ ಅದೇ. ಇಂಡಿಪೆಂಡೆಂಟ್ ಎಲ್‌ಯು ಸೇರಿಸಿದೆ. ವಿಟ್ಯಾಮ್ ಕಡೆಯವರು ಡಿಸ್‌ಪ್ಲೇ ಕಮಾಂಡ್ ಕೊಟ್ಟು ‘ಆಕ್ಟಿವ್ ಇದೆ’ ಅಂದರು. ಆದರೆ ಸಿಐಸಿಎಸ್ ನಮ್ಮನ್ನು ಒಳಗೇ ಬಿಡುತ್ತಿಲ್ಲ. ಎರಡು ಗಂಟೆ ಮೋಡ್ ನೋಡಿದೆವು, ಪಾರ್ಟ್‌ನರ್ ಹೆಸರು ನೋಡಿದೆವು, ಲಿಂಕ್ ಇಳಿಸಿ ಏರಿಸಿದೆವು. ಟೇಬಲ್ ಮೇಲಿದ್ದ ಉಪ್ಪಿಟ್ಟು ಕಲ್ಲಾಯಿತು.

ಕೊನೆಗೆ ಗೊತ್ತಾದದ್ದು: ಹೆಸರಿನ ಕೊನೆಯಲ್ಲಿ ಸೊನ್ನೆ, ಒಂದು ಇರಬೇಕಿತ್ತು. ಫೋನಿನಲ್ಲಿ ಅವರು ‘ಓ ಒನ್’ ಅಂದಿದ್ದರು, ನಾನು ಇಂಗ್ಲಿಷಿನ ಓ ಅಕ್ಷರವನ್ನೇ ಬರೆದುಕೊಂಡಿದ್ದೆ. ಹಾಗಾದರೆ ವಿಟ್ಯಾಮ್ ಯಾಕೆ ತಕರಾರು ಮಾಡಲಿಲ್ಲ? ಅಲ್ಲಿ ಡೈನಮಿಕ್ ಎಲ್‌ಯುಗೆ ಅನುಮತಿ ಇತ್ತು. ಗೊತ್ತಿಲ್ಲದ ಹೆಸರಿನ ಇಂಡಿಪೆಂಡೆಂಟ್ ಎಲ್‌ಯು ಬಂದರೆ ವಿಟ್ಯಾಮ್ ತಾನೇ ಆ ಹೆಸರನ್ನು ದಾಖಲಿಸಿಕೊಂಡು ಮುಂದೆ ಕಳಿಸುತ್ತದೆ. ಸಿಐಸಿಎಸ್ ಮಾತ್ರ ತನ್ನ ಕನೆಕ್ಷನ್ ಪಟ್ಟಿ ತೆಗೆದು ‘ನೀನು ಯಾರಪ್ಪಾ?’ ಅಂತ ಬಾಗಿಲು ಹಾಕಿತ್ತು. ಡಿಸ್‌ಪ್ಲೇಯಲ್ಲಿ ಆ ಓ ಅಕ್ಷರ ಎರಡು ಗಂಟೆಯೂ ನಮ್ಮ ಕಣ್ಣೆದುರೇ ಇತ್ತು.

ಬಾಗಿಲು ತಟ್ಟಿ ನೋಡಿ

ಪರೀಕ್ಷೆಗೆ ಎಪಿಂಗ್ ಇದೆ, ನಮ್ಮ ಪಿಂಗ್‌ನ ಎಸ್‌ಎನ್‌ಎ ಅಣ್ಣ. ಲೋಕಲ್ ಎಲ್‌ಯು, ಪಾರ್ಟ್‌ನರ್, ಮೋಡ್ ಹೇಳಿ ಎಪಿಂಗ್ ಮಾಡಿ. ಸರಿ ಹೋದರೆ ಸೆಷನ್ ಪಟ್ಟಿಯಲ್ಲಿ ನಿಮ್ಮ ಮೋಡಿನ ಸೆಷನ್ ಕಾಣುತ್ತದೆ. ಎಷ್ಟು ಸೆಷನ್ ಇಟ್ಟುಕೊಳ್ಳೋಣ ಎಂದು ಎರಡು ಕಡೆಯವರು ಚೌಕಾಸಿ ಮಾಡಲು ಬಳಸಿದ ಇನ್ನೊಂದು ಸೆಷನ್ನೂ ಪಕ್ಕದಲ್ಲಿ ಕಂಡರೆ ಗಾಬರಿ ಬೇಡ, ಅದು ಇರಬೇಕಾದ್ದೇ.

ಲಿಂಕ್ ಐಪಿ ಮೇಲೆ, ಅಂದರೆ ಎಂಟರ್‌ಪ್ರೈಸ್ ಎಕ್ಸ್‌ಟೆಂಡರ್ ಮೇಲೆ ಹೋಗುತ್ತಿದ್ದರೆ ಫೈರ್‌ವಾಲಿನಲ್ಲಿ ಯುಡಿಪಿ 12000ದಿಂದ 12004ರ ತನಕ ಐದೂ ಪೋರ್ಟ್ ತೆರೆದಿರಬೇಕು. ಪರಿಚಯ ಹೇಳಿಕೊಳ್ಳುವ ಮಾತು 12000ದಲ್ಲಿ ಹೋಗುತ್ತದೆ, ಉಳಿದ ಸಂಚಾರ ಆದ್ಯತೆಗೆ ತಕ್ಕ ಹಾಗೆ ಮಿಕ್ಕ ನಾಲ್ಕರಲ್ಲಿ. ಮೊದಲನೆಯದನ್ನು ಮಾತ್ರ ತೆರೆದರೆ ಲಿಂಕ್ ಎದ್ದ ಹಾಗೆ ಕಾಣುತ್ತದೆ, ಸೆಷನ್ ಮಾತ್ರ ಏಳುವುದಿಲ್ಲ.

ಸೋತರೆ ಎರರ್ ಲಾಗ್ ತೆರೆದು ಸೆನ್ಸ್ ಕೋಡ್ ಹುಡುಕಿ. ಎಂಟು ಹೆಕ್ಸ್ ಅಂಕಿ ನೋಡಿ ಹೆದರಬೇಡಿ. ನಿಮ್ಮ ಸಂದೇಶ ಎಲ್ಲಿಯವರೆಗೆ ಹೋಗಿ ವಾಪಸ್ ಬಂತು ಅಂತ ಅದು ಹೇಳುತ್ತದೆ. 087ಡಿ ಅಂತ ಶುರುವಾದರೆ ದಾರಿಯೇ ಸಿಕ್ಕಿಲ್ಲ, ಸಾಮಾನ್ಯವಾಗಿ ಪಾರ್ಟ್‌ನರ್ ಹೆಸರೋ ನೆಟ್‌ವರ್ಕ್ ಹೆಸರೋ ತಪ್ಪು. 0857 0003 ಬಂದರೆ ಡಿಪೆಂಡೆಂಟ್ ಎಲ್‌ಯುವಿನ ಬೀಗ ಇನ್ನೂ ತೆಗೆದಿಲ್ಲ, ಯಜಮಾನರಿಗೆ ಫೋನ್ ಮಾಡಿ. 0821 ಅಂದರೆ ಬಾಗಿಲ ತನಕ ಹೋಗಿದ್ದೀರಿ, ಆದರೆ ಸೆಷನ್ನಿನ ಷರತ್ತು ಹೊಂದಲಿಲ್ಲ. ಮೊದಲು ಮೋಡ್ ಹೆಸರನ್ನೇ ಅನುಮಾನಿಸಿ. 080ಎಫ್ 6051 ಬಂದರೆ ಯೂಸರ್ ಐಡಿ, ಪಾಸ್‌ವರ್ಡ್ ನೋಡಿ.

1008 6021 ಬಂದರೆ ಮಾತ್ರ ನಿಮ್ಮ ಎಲ್‌ಯು ಮೇಲೆ ಅನುಮಾನ ಬೇಡ. ದಾರಿ ಸರಿ, ಬಾಗಿಲು ಸರಿ, ಒಳಗೂ ಹೋಗಿ ಆಗಿದೆ. ನೀವು ಕೇಳಿದ ಹೆಸರಿನ ಪ್ರೋಗ್ರಾಮ್ ಆ ಮನೆಯಲ್ಲಿ ಇಲ್ಲ ಅಂತಷ್ಟೇ ಅದರ ಅರ್ಥ. ಟಿಕೆಟನ್ನು ಅಪ್ಲಿಕೇಷನ್ ಟೀಮಿಗೆ ದಾಟಿಸಿ, ಉಪ್ಪಿಟ್ಟು ಬಿಸಿ ಇರುವಾಗಲೇ ತಿನ್ನಿ.