ಹಳೆಯ ಓಮ್ನಿಯೊಳಗೆ ಬರುತ್ತಿದ್ದ ಮಳೆನೀರಿನ ಜಾಡು ಹಿಡಿದ ಬಗೆ

ಪುನರ್ವಸು ಮಳೆ ಹಿಡಿದ ಮೂರನೆಯ ದಿನ ತೀರ್ಥಹಳ್ಳಿ ಪೇಟೆಯಿಂದ ಮನೆಗೆ ಬರುತ್ತಿದ್ದಾಗ, ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತಿದ ಕೂಡಲೇ ನನ್ನ ಬಲಗಾಲಿನ ಹಿಮ್ಮಡಿಗೆ ತಣ್ಣನೆಯ ನೀರು ಹರಿದು ಬಂದು ತಾಗಿತು. ಮನೆಗೆ ಬಂದು ಕೊಟ್ಟಿಗೆಯ ಮಾಡಿನಡಿ ಗಾಡಿ ನಿಲ್ಲಿಸಿ ಮ್ಯಾಟ್ ಎತ್ತಿ ನೋಡಿದರೆ ಅದರಡಿಯ ಫೆಲ್ಟ್ ಒದ್ದೆಯಾದ ಗೋಣಿಚೀಲದಂತೆ ನೀರು ಕುಡಿದು ಭಾರವಾಗಿತ್ತು. ಅದನ್ನು ಹಿಂಡಿದಾಗ ಬಂದ ನೀರು ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಗಾಡಿಯೊಳಗೆ ಮುಗ್ಗಲು ವಾಸನೆ ಬರುತ್ತಿದ್ದುದಕ್ಕೆ ಅಡಿಕೆ ಚೀಲಗಳೇ ಕಾರಣವೆಂದು ನಾನು ಎರಡು ವರ್ಷ ನಂಬಿಕೊಂಡಿದ್ದೆ.

ನನ್ನದು 2006ರ ಓಮ್ನಿ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದು 2019ರವರೆಗೆ ತಯಾರಾದ ಈ ಗಾಡಿ ಮಲೆನಾಡಿನ ಮನೆಮನೆಗೂ ಪರಿಚಿತ. 796 ಸಿಸಿಯ ಸಣ್ಣ ಎಂಜಿನ್ ಮುಂದಿನ ಸೀಟುಗಳ ಅಡಿಯಲ್ಲಿ ಇರುವುದರಿಂದ ಹಿಂದೆ ಸಾಮಾನು ಹೇರಲು ಧಾರಾಳ ಜಾಗವಿದೆ, ಬಿಡಿಭಾಗಗಳು ಇಂದಿಗೂ ಸಿಗುತ್ತವೆ, ರಿಪೇರಿ ಬಲ್ಲವರು ಪ್ರತಿ ಪೇಟೆಯಲ್ಲೂ ಇದ್ದಾರೆ. ಆದರೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಘಟ್ಟ ನಮ್ಮಿಂದ ಬಹಳ ದೂರವೇನಿಲ್ಲ. ಇಂತಹ ಸೀಮೆಯಲ್ಲಿ ಹದಿನೈದು ಮಳೆಗಾಲ ಕಳೆದ ಯಾವ ಗಾಡಿಯ ರಬ್ಬರೂ ಮೊದಲಿನಂತೆ ಮೆತ್ತಗಿರುವುದಿಲ್ಲ, ಯಾವ ತಗಡಿನ ಜೋಡಣೆಯೂ ಮೊದಲಿನಷ್ಟು ಭದ್ರವಾಗಿರುವುದಿಲ್ಲ.

ಆ ವರ್ಷ ನಾನು ಮಾಡಿದ ಮೊದಲ ಕೆಲಸವೇ ತಪ್ಪಾಗಿತ್ತು. ನೀರು ಕಾಲಬುಡದಲ್ಲಿ ಕಾಣಿಸಿದ್ದರಿಂದ ಮುಂದಿನ ಗಾಜಿನ ಬೀಡಿಂಗ್ ರಬ್ಬರೇ ಸೋರುತ್ತಿದೆ ಎಂದು ತೀರ್ಮಾನಿಸಿ, ಹಾರ್ಡ್‌ವೇರ್ ಅಂಗಡಿಯಿಂದ ಒಂದು ಟ್ಯೂಬ್ ಸಿಲಿಕಾನ್ ತಂದು, ಮಳೆ ಬಿಟ್ಟ ಒಂದು ಮಧ್ಯಾಹ್ನ ಗಾಜಿನ ಸುತ್ತಲೂ ಬಳಿದೆ. ಎರಡು ದಿನ ನೀರು ಕಡಿಮೆಯಾದಂತೆ ಕಂಡಿತು, ನಾಲ್ಕನೆಯ ದಿನ ಮೊದಲಿಗಿಂತ ಹೆಚ್ಚಾಯಿತು. ಪರಿಚಯದ ಟಿಂಕರಿಂಗ್ ಮೇಸ್ತ್ರಿಯವರಿಗೆ ತೋರಿಸಿದಾಗ ಅವರು ಅಂಚಿಗೆ ಬೆರಳಾಡಿಸಿ, "ಇದರ ಮೇಲೆ ಇನ್ನು ಪೇಂಟೂ ಕೂರೋದಿಲ್ಲ, ಬೇರೆ ಸೀಲೆಂಟೂ ಹಿಡಿಯೋದಿಲ್ಲ. ಪೂರಾ ಕೆರೆದು ತನ್ನಿ, ಆಮೇಲೆ ಮಾತಾಡೋಣ" ಎಂದರು. ವಿನೆಗರಿನ ವಾಸನೆ ಬರುವ ಅಗ್ಗದ ಸಿಲಿಕಾನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ, ಅದು ಬರಿಯ ತಗಡಿಗೆ ತಾಗಿದರೆ ತುಕ್ಕನ್ನು ಬೆಳೆಸುತ್ತದೆ. ಅಲ್ಲದೆ ಹೊರಗಿನಿಂದ ಬಳಿದ ಪದರವು ಒಳಹೋದ ನೀರು ಹೊರಬರುವ ದಾರಿಯನ್ನೂ ಮುಚ್ಚುತ್ತದೆ. ಬಚ್ಚಲುಮನೆಯ ಟೈಲ್ಸಿಗೆ ಯೋಗ್ಯವಾದ ಆ ವಸ್ತುವನ್ನು ಗಾಡಿಯ ಮೈಗೆ ಹಚ್ಚಬಾರದೆಂಬುದು ಅಂದಿನಿಂದ ನನ್ನ ಖಚಿತ ಅಭಿಪ್ರಾಯ. ಬ್ಲೇಡು ಮತ್ತು ಮರದ ಚಕ್ಕೆ ಹಿಡಿದು ಅದನ್ನೆಲ್ಲ ಕೆರೆದು ತೆಗೆಯಲು ನನಗೆ ಎರಡು ಸಂಜೆ ಹಿಡಿಯಿತು.

ಸಂದು ಮುಚ್ಚುವ ಸೀಲೆಂಟ್ ಹಿಡಿಯಬೇಕಾದರೆ ತಗಡು ಒಳಗೂ ಹೊರಗೂ ಒಣಗಿರಬೇಕು. ಆದ್ದರಿಂದ ಉಳಿದ ಮಳೆಗಾಲವನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಕಳೆದು, ಅಡಿಕೆ ಕೊಯ್ಲು ಮುಗಿದ ಮೇಲೆ, ಏಪ್ರಿಲ್ ತಿಂಗಳಲ್ಲಿ ಕೆಲಸಕ್ಕೆ ಕುಳಿತೆ. ಮೊದಲು ಮ್ಯಾಟು, ಫೆಲ್ಟು, ಹಿಂದಿನ ಸೀಟು, ಬಾಗಿಲುಗಳ ಒಳಹಲಗೆ, ಕಂಬಗಳ ಪ್ಲಾಸ್ಟಿಕ್ ಪಟ್ಟಿ ಇವನ್ನೆಲ್ಲ ಬಿಚ್ಚಿ, ಮಾಡಿನ ಲೈನಿಂಗ್ ಅಂಚನ್ನು ಎರಡೂ ಬದಿಯಲ್ಲಿ ಇಳಿಬಿಟ್ಟೆ. ಬರಿಯ ತಗಡು ಕಾಣದೆ ಸೋರಿಕೆ ಹುಡುಕುವುದು ವ್ಯರ್ಥ ಪ್ರಯತ್ನ. ಬಿಚ್ಚಿದಾಗಲೇ ಕೆಲವು ಸುಳಿವುಗಳು ಸಿಕ್ಕಿದವು: ಬಲಗಡೆಯ ಮುಂದಿನ ಕಂಬದ ಒಳಮೈಯಲ್ಲಿ ಮೇಲಿನಿಂದ ಕೆಳಕ್ಕೆ ಒಂದು ತೆಳುವಾದ ಕಂದು ಗೆರೆ ಇತ್ತು, ಹಿಂದಿನ ಎಡ ಲೈಟಿನ ಕೆಳಗೆ ಒಣಗಿದ ಕೆಂಪು ಮಣ್ಣಿನ ನಾಲಗೆಯಂತಹ ಗುರುತಿತ್ತು.

ಬಳಿಕ ಮುಖಕ್ಕೆ ಹಚ್ಚುವ ಪೌಡರನ್ನು ಒಂದು ತೆಳುಬಟ್ಟೆಯಲ್ಲಿ ಕಟ್ಟಿ, ಜೋಡಣೆಗಳ ಮೇಲೂ ಕಂಬಗಳ ಒಳಮೈಗೂ ತಟ್ಟುತ್ತಾ ಹೋದೆ. ನೀರಿನ ಹನಿ ಎಲ್ಲಿ ಇಳಿದರೂ ಪೌಡರಿನ ಮೇಲೆ ಗೆರೆ ಮೂಡುತ್ತದೆ, ಆ ಗೆರೆಯ ತುದಿಯನ್ನು ಮೇಲ್ಮುಖವಾಗಿ ಹಿಡಿದು ಹೋದರೆ ಸೋರಿಕೆಯ ಬಾಯಿ ಸಿಗುತ್ತದೆ. ಮಗನನ್ನು ಟಾರ್ಚ್ ಕೊಟ್ಟು ಒಳಗೆ ಕೂರಿಸಿ, ಬಾಗಿಲು ಮುಚ್ಚಿ, ಹೊರಗಿನಿಂದ ನಾನು ಪೈಪಿನಲ್ಲಿ ನೀರು ಬಿಟ್ಟೆ. ಈ ಕೆಲಸದಲ್ಲಿ ಎರಡು ವಿಷಯಗಳಿಗೆ ನಾನು ಬಹಳ ಮಹತ್ವ ಕೊಡುತ್ತೇನೆ. ಒಂದನೆಯದಾಗಿ, ನೀರು ಮಳೆಯಂತೆ ಸುರಿಯಬೇಕೇ ಹೊರತು ವಾಟರ್ ಸರ್ವಿಸಿನ ಗನ್ನಿನಂತೆ ಹೊಡೆಯಬಾರದು, ಏಕೆಂದರೆ ಅಷ್ಟು ಒತ್ತಡಕ್ಕೆ ಒಳ್ಳೆಯ ರಬ್ಬರೂ ದಾರಿ ಬಿಡುತ್ತದೆ. ಎರಡನೆಯದಾಗಿ, ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಹೋಗಬೇಕು, ಪ್ರತಿ ಜಾಗದಲ್ಲೂ ಕನಿಷ್ಠ ಹತ್ತು ನಿಮಿಷ ನಿಲ್ಲಬೇಕು. ಮೇಲಿನಿಂದ ಆರಂಭಿಸಿದರೆ ನೀರು ಕೆಳಗಿನ ಎಲ್ಲ ಜಾಗವನ್ನೂ ತೋಯಿಸುವುದರಿಂದ ಸೋರಿದ್ದು ಯಾವುದೆಂದು ತಿಳಿಯುವುದೇ ಇಲ್ಲ.

ಚಕ್ರದ ಗೂಡುಗಳಿಗೆ ನೀರು ಬಿಟ್ಟೆ, ಒಳಗೆ ಏನೂ ಬರಲಿಲ್ಲ. ಗಾಜಿನ ಕೆಳಗಿನ ಅಂಚಿಗೆ ಬಿಟ್ಟಾಗ ಎಡಮೂಲೆಯಲ್ಲಿ ಸಣ್ಣದಾಗಿ ಜಿನುಗಿತು. ಆದರೆ ಬಲಗಡೆ ಗಾಜಿನ ಸುತ್ತ ಎಷ್ಟು ಹೊತ್ತು ಬಿಟ್ಟರೂ ಒಣಗಿಯೇ ಇತ್ತು. ಕೊನೆಗೆ ಮಾಡಿನ ಅಂಚಿನುದ್ದಕ್ಕೂ ಇರುವ ನೀರುದೋಣಿಗೆ ಪೈಪು ಹಿಡಿದು ಆರೇಳು ನಿಮಿಷ ಕಳೆದಿರಬಹುದು, "ಅಪ್ಪಯ್ಯ, ಇಲ್ಲಿ ಬಂತು, ಕಂಬದ ಮೇಲಿಂದ ಇಳೀತಾ ಇದೆ" ಎಂದು ಮಗ ಒಳಗಿನಿಂದ ಕೂಗಿದ. ಪೌಡರಿನ ಮೇಲೆ ಮೂಡಿದ ಗೆರೆ ಆ ಹಳೆಯ ಕಂದು ಗೆರೆಯ ಮೇಲೆಯೇ ಇಳಿದಿತ್ತು. ನೀರು ಒಳಹೊಕ್ಕಿದ್ದು ಚಾಲಕನ ತಲೆಯ ಹಿಂಭಾಗದಲ್ಲಿ, ಮಾಡಿನ ಮಟ್ಟದಲ್ಲಿ. ಅಲ್ಲಿಂದ ಲೈನಿಂಗಿನ ಮೇಲುಭಾಗದ ತಗಡಿನ ಮಡಿಕೆಯನ್ನು ಹಿಡಿದು ಮುಂದಕ್ಕೆ ಹರಿದು, ಕಂಬದೊಳಗೆ ಇಳಿದು, ಮ್ಯಾಟಿನಡಿ ಸೇರಿ, ನನ್ನ ಹಿಮ್ಮಡಿಗೆ ತಾಗಿತ್ತು. ನಮ್ಮ ಮನೆಯ ಅಂಗಳ ಮುಂದಕ್ಕೆ ಇಳಿಜಾರಾಗಿರುವುದರಿಂದ ನೀರು ಮುಂದಕ್ಕೆ ಬಂದಿತ್ತು. ಗಾಡಿಯ ಮೂತಿ ಮೇಲ್ಮುಖವಾಗಿ ನಿಲ್ಲುವ ಮನೆಯಾಗಿದ್ದರೆ ಅದೇ ಸೋರಿಕೆ ಹಿಂದಿನ ಸೀಟಿನಡಿ ಕಾಣಿಸುತ್ತಿತ್ತು.

ಆ ಜಾಗದಲ್ಲಿಯೇ ಮಾಡಿನ ಕ್ಯಾರಿಯರಿನ ಕಾಲು ಕೂತಿತ್ತು. ಹಿಂದಿನ ಮಾಲೀಕರ ಕಾಲದಲ್ಲಿ ಯಾರೋ ಹಾಕಿಕೊಟ್ಟ ಕ್ಯಾರಿಯರ್ ಅದು. ಕ್ಲಾಂಪಿನ ಬೋಲ್ಟನ್ನು ಅತಿಯಾಗಿ ಬಿಗಿದದ್ದರಿಂದ ನೀರುದೋಣಿಯ ತುಟಿ ಒಳಕ್ಕೆ ಬಾಗಿ, ಮಾಡಿನ ತಗಡು ಮತ್ತು ಪಕ್ಕದ ತಗಡು ಸೇರುವ ಕಡೆ ತುಂಬಿದ್ದ ಸೀಲರ್ ಒಣಗಿದ ಕೆರೆಯ ನೆಲದಂತೆ ಬಿರಿದಿತ್ತು. ಬಿರುಕಿಗೆ ಉಗುರು ಹಾಕಿದರೆ ಅಂಗುಲದಷ್ಟು ಉದ್ದದ ತುಂಡು ಎದ್ದು ಬಂತು, ಅದರಡಿ ಕಪ್ಪಗಿನ ತೇವವಿತ್ತು, ಹಾಗೆಯೇ ಒಂದು ಸಣ್ಣ ಹುಲ್ಲಿನ ಬೇರೂ ಇತ್ತು. ಇನ್ನು ಮುಂದಿನ ಕಂಬದ ನೆತ್ತಿಯಲ್ಲಿ ರೇಡಿಯೋ ಆಂಟೆನಾಗೆಂದು ಕೊರೆದಿದ್ದ ತೂತು. ಅದರ ಅಂಚಿನ ರಬ್ಬರ್ ಬಳೆ (ಗ್ರೊಮೆಟ್) ಕಲ್ಲಿನಂತೆ ಗಟ್ಟಿಯಾಗಿ, ಸುತ್ತಲೂ ಕೂದಲೆಳೆಯಷ್ಟು ಸಂದು ಬಿಟ್ಟಿತ್ತು.

ನೀರುದೋಣಿಯ ರಿಪೇರಿಗೆ ಇಡೀ ಮೂರು ದಿನ ಬೇಕಾಯಿತು, ಅದರಲ್ಲಿ ಬಹುಪಾಲು ಸಮಯ ಸ್ವಚ್ಛ ಮಾಡುವುದಕ್ಕೇ ಹೋಯಿತು. ಕ್ಯಾರಿಯರ್ ಇಳಿಸಿ, ಬಾಗಿದ ತುಟಿಯನ್ನು ಮರದ ತುಂಡಿಟ್ಟು ಮೆಲ್ಲನೆ ನೇರ ಮಾಡಿ, ಹಳೆಯ ಸೀಲರನ್ನು ಬಿರಿದ ಕಡೆ ಮಾತ್ರವಲ್ಲದೆ ಸಡಿಲವಿದ್ದ ಉದ್ದಕ್ಕೂ ಕೆರೆದು ತೆಗೆದೆ. ತಂತಿ ಬ್ರಷ್ಷಿನಿಂದ ಉಜ್ಜಿ, ವಾಟರ್ ಪೇಪರ್ ಹಾಕಿ, ಥಿನ್ನರಿನಲ್ಲಿ ಒರೆಸಿ, ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲವಿರುವ ತುಕ್ಕುನಿವಾರಕ ಹಚ್ಚಿದೆ. ಅದು ತುಕ್ಕನ್ನು ಕಪ್ಪು ಪದರವಾಗಿ ಮಾರ್ಪಡಿಸುತ್ತದೆ, ಆ ಕಪ್ಪು ಕಾಣುವವರೆಗೂ ಕಾಯಬೇಕು. ಮರುದಿನ ಎಪಾಕ್ಸಿ ಪ್ರೈಮರ್ ಹೊಡೆದು, ಅದು ಒಣಗಿದ ಬಳಿಕ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಿಂದ ತಂದಿದ್ದ ಪಾಲಿಯುರಥೇನ್ ಸೀಲೆಂಟನ್ನು ಸಂದಿಗೆ ಒತ್ತಿ ತುಂಬಿ, ಸಾಬೂನು ನೀರಿನಲ್ಲಿ ಅದ್ದಿದ ಬೆರಳಿನಿಂದ ನೇವರಿಸಿದೆ. ಇದು ಗಾಳಿಯ ತೇವವನ್ನು ಹೀರಿಕೊಂಡು ದಿನಕ್ಕೆ ಎರಡು ಮೂರು ಮಿಲಿಮೀಟರಿನಷ್ಟು ಆಳಕ್ಕೆ ಗಟ್ಟಿಯಾಗುತ್ತದೆ, ಗಟ್ಟಿಯಾದ ಮೇಲೂ ರಬ್ಬರಿನಂತೆ ಬಾಗುತ್ತದೆ, ಮೇಲೆ ಪೇಂಟನ್ನೂ ಹಿಡಿಯುತ್ತದೆ. ಇಂತಹ ಸಂದಿಗೆ ಎಪಾಕ್ಸಿ ಪುಟ್ಟಿ ತುಂಬುವವರನ್ನು ಕಂಡಿದ್ದೇನೆ. ನೀರಿನ ಟ್ಯಾಂಕಿಗೆ ಅದು ಒಳ್ಳೆಯದೇ, ಆದರೆ ನಮ್ಮ ರಸ್ತೆಗಳಲ್ಲಿ ಗಾಡಿಯ ಮೈ ಸದಾ ತಿರುಚಿಕೊಳ್ಳುತ್ತಿರುವುದರಿಂದ ಬಗ್ಗದ ವಸ್ತು ಒಂದೇ ವರ್ಷದಲ್ಲಿ ಬಿರಿದು ಬಿಡುತ್ತದೆ.

ಗಾಜಿನ ಎಡಮೂಲೆಯ ಜಿನುಗನ್ನು ನಿಲ್ಲಿಸಲು ಗಾಜನ್ನೇ ಇಳಿಸಬೇಕಾಯಿತು. ಓಮ್ನಿಯ ಮುಂದಿನ ಗಾಜು ಅಂಟಿನಿಂದಲ್ಲ, ಎರಡು ಕಡೆ ಗಾಳೆ, ಅಂದರೆ ಉದ್ದನೆಯ ತೋಡು, ಇರುವ ಬೀಡಿಂಗ್ ರಬ್ಬರಿನಿಂದ ನಿಂತಿರುತ್ತದೆ; ಒಂದು ಗಾಳೆ ಗಾಜನ್ನು ಹಿಡಿದರೆ ಇನ್ನೊಂದು ತಗಡಿನ ಅಂಚನ್ನು ಕಚ್ಚಿಕೊಳ್ಳುತ್ತದೆ. ರಬ್ಬರಿಗೆ ವಯಸ್ಸಾದಂತೆ ಅದು ಕುಗ್ಗುತ್ತದೆ, ಕುಗ್ಗಿದಾಗ ಮೊದಲು ಸಂದು ಬಿಡುವುದು ಮೂಲೆಗಳಲ್ಲೇ. ಈ ಕೆಲಸಕ್ಕೆ ಮೇಸ್ತ್ರಿಯವರನ್ನೇ ಕರೆದೆ. ರಬ್ಬರಿನ ಒಳತುಟಿಯನ್ನು ಎಬ್ಬಿಸುತ್ತಾ ಒಳಗಿನಿಂದ ಗಾಜನ್ನು ಸಮವಾಗಿ ಹೊರಕ್ಕೆ ದೂಡಬೇಕು, ಒಂದೇ ಮೂಲೆಗೆ ಬಲ ಬಿದ್ದರೆ ಗಾಜು ಸೀಳುತ್ತದೆ. ಇಳಿಸಿದ ಮೇಲೆ ಕಂಡದ್ದು ನಾನು ಸಿಲಿಕಾನಿನಡಿ ಮುಚ್ಚಿಟ್ಟಿದ್ದ ತುಕ್ಕು: ಎಡಮೂಲೆಯ ತಗಡಿನ ಅಂಚು ಬೆರಳುದ್ದಕ್ಕೆ ಹಪ್ಪಳದಂತೆ ಪದರ ಪದರವಾಗಿ ಎದ್ದಿತ್ತು. ಅಲ್ಲಿ ಕತ್ತರಿಸಿ ಹೊಸ ತಗಡಿನ ತುಂಡು ಬೆಸೆಸಿ, ಪ್ರೈಮರು ಪೇಂಟು ಮುಗಿಸಿ, ನಂತರ ಹೊಸ ರಬ್ಬರ್ ಹಾಕಿದೆವು.

ಗಾಜು ಕೂರಿಸುವ ವಿಧಾನವನ್ನು ನೋಡಿ ಕಲಿತದ್ದು ನನಗೆ ಇಂದಿಗೂ ಸಂತೋಷ ಕೊಡುತ್ತದೆ. ಮೊದಲು ರಬ್ಬರನ್ನು ಗಾಜಿನ ಸುತ್ತ ತೊಡಿಸಿ, ತಗಡು ಕಚ್ಚುವ ಗಾಳೆಯೊಳಗೆ ನೈಲಾನ್ ಹಗ್ಗವನ್ನು ಸುತ್ತಲೂ ಕೂರಿಸಿ, ಅದರ ಎರಡು ತುದಿಗಳನ್ನು ಕೆಳಗಿನ ಮಧ್ಯದಲ್ಲಿ ಒಂದರ ಮೇಲೊಂದು ದಾಟಿಸಿ ಒಳಕ್ಕೆ ಬಿಟ್ಟರು. ಸಾಬೂನು ನೀರು ಹಚ್ಚಿ, ನಾನು ಹೊರಗಿನಿಂದ ಎರಡೂ ಅಂಗೈಯಲ್ಲಿ ಗಾಜನ್ನು ಒತ್ತಿ ಹಿಡಿದರೆ, ಅವರು ಒಳಗೆ ಕುಳಿತು ಹಗ್ಗವನ್ನು ನಿಧಾನವಾಗಿ ಎಳೆಯುತ್ತಾ ಹೋದರು. ಹಗ್ಗ ಬಿಟ್ಟುಕೊಟ್ಟ ಕಡೆಯೆಲ್ಲ ರಬ್ಬರಿನ ತುಟಿ ಪಟಪಟನೆ ತಗಡಿನ ಅಂಚಿನ ಮೇಲೆ ಮಗುಚಿ ಕೂತಿತು. ಒಣಗಿದ ಮೇಲೆ ರಬ್ಬರಿನ ಹೊರತುಟಿಯನ್ನು ಎತ್ತಿ, ಎಂದಿಗೂ ಗಟ್ಟಿಯಾಗದ ಬ್ಯುಟೈಲ್ ಸೀಲೆಂಟನ್ನು ತಗಡಿನ ಕಡೆಗೂ ಗಾಜಿನ ಕಡೆಗೂ ತುಂಬಿದೆವು, ಏಕೆಂದರೆ ನೀರಿಗೆ ಅಲ್ಲಿ ಎರಡು ದಾರಿಗಳಿವೆ.

ಹಿಂದಿನ ಲೈಟುಗಳ ಕೆಲಸ ಸುಲಭದ್ದು. ಲೈಟಿನ ಹಿಂದಿದ್ದ ಸ್ಪಂಜಿನ ಗ್ಯಾಸ್ಕೆಟ್ ಪುಡಿಯಾಗಿತ್ತು. ಮೊದಲು ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿ ನೋಡಿದೆ, ಅದು ಒತ್ತಿದರೆ ತಗ್ಗುವುದಿಲ್ಲವಾದ್ದರಿಂದ ಏರುತಗ್ಗಿರುವ ತಗಡಿನ ಮೇಲೆ ಸರಿಯಾಗಿ ಕೂರಲಿಲ್ಲ. ನೀರು ಹೀರದ ಫೋಮ್ ರಬ್ಬರಿನ ಹಾಳೆಯಿಂದ ಕತ್ತರಿಸಿ ಹಾಕಿದ ಮೇಲೆ ನಿಂತಿತು.

ಬಾಗಿಲುಗಳ ವಿಷಯದಲ್ಲಿ ಮಾತ್ರ ಹಲವರಿಗೆ ಇರುವ ಒಂದು ತಪ್ಪು ತಿಳಿವಳಿಕೆಯನ್ನು ಹೇಳಲೇಬೇಕು. ಕಿಟಕಿಯ ಗಾಜಿನ ಬುಡದ ರಬ್ಬರು ಎಷ್ಟೇ ಹೊಸದಾಗಿದ್ದರೂ ಬಾಗಿಲಿನ ಹೊಟ್ಟೆಯೊಳಗೆ ಮಳೆನೀರು ಇಳಿದೇ ಇಳಿಯುತ್ತದೆ. ಬಾಗಿಲಿನ ರಚನೆಯೇ ಹಾಗಿದೆ. ಆ ನೀರು ಬಾಗಿಲಿನ ತಳದ ತೂತುಗಳಿಂದ ಹೊರಹೋಗಬೇಕು, ಒಳಹಲಗೆಯ ಹಿಂದೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆ ಅದನ್ನು ಗಾಡಿಯೊಳಗೆ ಬಾರದಂತೆ ತಡೆಯಬೇಕು. ನನ್ನ ಗಾಡಿಯಲ್ಲಿ ಸ್ಪೀಕರ್ ಹಾಕುವಾಗ ಎಡಬಾಗಿಲಿನ ಆ ಹಾಳೆಯನ್ನು ಹರಿದು ಎಸೆದಿದ್ದರು, ತಳದ ತೂತುಗಳಲ್ಲಿ ಕೆಮ್ಮಣ್ಣು ಕಟ್ಟಿತ್ತು. ಹಿಡಿಕಡ್ಡಿಯನ್ನು ಕೆಳಗಿನಿಂದ ತೂರಿಸಿದ ಕೂಡಲೇ ಹಳೆಯ ನೀರು ಕಾಫಿ ಬಣ್ಣದಲ್ಲಿ ಅರ್ಧ ಚೊಂಬಿನಷ್ಟು ಸುರಿಯಿತು. ದಪ್ಪ ಪಾಲಿಥೀನ್ ಹಾಳೆಯನ್ನು ಅಳತೆಗೆ ಕತ್ತರಿಸಿ, ಅದರ ಕೆಳತುದಿಯನ್ನು ಬಾಗಿಲಿನೊಳಕ್ಕೆ ಮಡಚಿ, ಬ್ಯುಟೈಲ್ ಪಟ್ಟಿಯಿಂದ ಅಂಟಿಸಿದೆ. ಜಾರುವ ಬಾಗಿಲಿನ ಸುತ್ತಣ ರಬ್ಬರನ್ನು ಕಾಗದದ ಪಟ್ಟಿಯಿಂದ ಪರೀಕ್ಷಿಸಿದೆ: ಪಟ್ಟಿಯನ್ನು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆದಾಗ ಬಿಗಿಯಾಗಿ ಬಂದರೆ ರಬ್ಬರು ಸರಿಯಿದೆ, ಸಲೀಸಾಗಿ ಜಾರಿ ಬಂದರೆ ಅಲ್ಲಿ ಸಂದು ಇದೆ. ಹಿಂದಿನ ಅಂಚಿನಲ್ಲಿ ಸಲೀಸಾಗಿ ಬಂತು. ಆದರೆ ರಬ್ಬರು ಕೆಟ್ಟಿರಲಿಲ್ಲ, ಬಾಗಿಲೇ ಜೋತುಬಿದ್ದಿತ್ತು. ರೋಲರ್ ಬದಲಿಸಿ ಲಾಕಿನ ಕೊಂಡಿಯನ್ನು ತುಸು ಒಳಕ್ಕೆ ಸರಿಸಿದಾಗ ಸರಿಯಾಯಿತು.

ಎಲ್ಲ ಮುಗಿದರೂ ಮ್ಯಾಟು ಮತ್ತು ಫೆಲ್ಟನ್ನು ನಾನು ಹಿಂದಕ್ಕೆ ಹಾಕಲಿಲ್ಲ. ಮೃಗಶಿರಾ, ಆರಿದ್ರಾ ಎರಡೂ ಮಳೆಗಳನ್ನು ಬರಿಯ ತಗಡಿನ ಮೇಲೆಯೇ ಓಡಿಸಿದೆ. ಶಬ್ದ ವಿಪರೀತವಾಗಿದ್ದರೂ ಪ್ರತಿ ಸಂಜೆ ಟಾರ್ಚ್ ಹಿಡಿದು ನೆಲವನ್ನು ನೋಡುವುದಕ್ಕೆ ಅದರಿಂದ ಅನುಕೂಲವಾಯಿತು. ನೆಲ ಒಣಗಿಯೇ ಇತ್ತು. ಬೆಳಗಿನ ಹೊತ್ತು ಗಾಜಿನ ಒಳಮೈಯಲ್ಲಿ ಹನಿ ಕೂತಿರುತ್ತಿದ್ದುದನ್ನು ಕಂಡು ಒಮ್ಮೆ ಆತಂಕಪಟ್ಟೆ, ಆದರೆ ಅದು ಒದ್ದೆ ಕಂಬಳಿಕೊಪ್ಪೆಯನ್ನು ಗಾಡಿಯೊಳಗೆ ಬಿಟ್ಟಿದ್ದರಿಂದ ಆದದ್ದೆಂದು, ಕೊಪ್ಪೆಯನ್ನು ಹೊರಗಿಟ್ಟ ರಾತ್ರಿ ಹನಿ ಕೂರದಿದ್ದಾಗ ಖಚಿತವಾಯಿತು.

ಪುಷ್ಯ ಮಳೆಯಲ್ಲಿ ಮಾತ್ರ ಡಿಕ್ಕಿ ಬಾಗಿಲಿನ ಮೇಲ್ಭಾಗದಿಂದ ಒಂದು ಹನಿ ಬಿತ್ತು, ಅದೂ ಗಾಡಿ ಏರು ಹತ್ತುವಾಗ. ಮತ್ತೆ ಪೌಡರು, ಪೈಪು, ಟಾರ್ಚು. ಕೀಲಿನ ಬೋಲ್ಟ್ ಮಾಡಿಗೆ ಸೇರುವ ಕಡೆ ಸೀಲರ್ ಎದ್ದಿತ್ತು. ಬೋಲ್ಟನ್ನು ಬಿಚ್ಚಿ, ಎಳೆಗೆ ಬ್ಯುಟೈಲ್ ಸುತ್ತಿ ಬಿಗಿದ ಮೇಲೆ ಆಶ್ಲೇಷ ಮಳೆ ಪೂರ್ತಿ ಕಳೆಯುವವರೆಗೂ ಆ ಹನಿ ಮತ್ತೆ ಬೀಳಲಿಲ್ಲ. ಗೌರಿ ಹಬ್ಬದ ಹಿಂದಿನ ದಿನ ಹೊಸ ಫೆಲ್ಟ್ ಹಾಕಿ ಮ್ಯಾಟ್ ಹಾಸಿದೆ.