ಸೆಫ್‌ನಲ್ಲಿ ವಿಎಂಗಳ ರೈಟ್ ನಿಧಾನವಾಗಿದ್ದು, ಸರಿಹೋಗಿದ್ದು

ಹಲವು ಸರ್ವರ್‌ಗಳ ಡಿಸ್ಕ್‌ಗಳನ್ನು ಸೇರಿಸಿ ಒಂದೇ ಸಂಗ್ರಹವಾಗಿಸುವ ತಂತ್ರಾಂಶ ಸೆಫ್; ನಮ್ಮ ವಿಎಂಗಳ (ವರ್ಚುವಲ್ ಮಷೀನ್) ಡಿಸ್ಕ್ ಇರುವುದು ಅದರಲ್ಲೇ. ಮೂರು ಸರ್ವರ್, 10 ಗಿಗಾಬಿಟ್ ನೆಟ್‌ವರ್ಕ್, ಎಲ್ಲದರಲ್ಲೂ ಎಸ್‌ಎಸ್‌ಡಿ. ಆದರೂ ವಿಎಂ ಒಳಗಿನ ಡೇಟಾಬೇಸ್ ಒಂದೊಂದು ಕಮಿಟ್‌ಗೂ (ಬರೆದದ್ದನ್ನು ಖಾಯಂ ಮಾಡುವ ಹೆಜ್ಜೆ) ತಿಣುಕುತ್ತಿತ್ತು. ರೀಡ್ ಮಾತ್ರ ಚೆನ್ನಾಗಿಯೇ ಇತ್ತು.

ಎಲ್ಲರ ಅನುಮಾನ ಮೊದಲು ನೆಟ್‌ವರ್ಕ್ ಮೇಲೆ ತಾನೇ? ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್ ಓಡಿಸಿದೆ, ಪೂರ್ತಿ ವೇಗ ಬಂತು. ಆಮೇಲೆ ‘ಸೆಫ್ ಒಎಸ್‌ಡಿ ಪರ್ಫ್’ ಕಮಾಂಡ್ ನೋಡಿದೆ; ಒಎಸ್‌ಡಿ ಅಂದರೆ ಒಂದೊಂದು ಡಿಸ್ಕನ್ನು ನೋಡಿಕೊಳ್ಳುವ ಸೆಫ್‌ನ ಪ್ರೋಗ್ರಾಂ. ಕೆಲವು ಒಎಸ್‌ಡಿಗಳ ಕಮಿಟ್ ಲೇಟೆನ್ಸಿ (ಬರೆದು ಮುಗಿಸಲು ಹಿಡಿಯುವ ಸಮಯ) ಉಳಿದವಕ್ಕಿಂತ ತುಂಬಾ ಜಾಸ್ತಿ. ಅವೆಲ್ಲ ಡೆಸ್ಕ್‌ಟಾಪ್‌ಗೆಂದು ಮಾರುವ ಅಗ್ಗದ ಎಸ್‌ಎಸ್‌ಡಿಗಳು.

ಪೂಲ್‌ನ (ಸೆಫ್ ಡೇಟಾ ಇಡುವ ವಿಭಾಗ) ಸೈಜ್ 3 ಇದ್ದರೆ, ಅಂದರೆ ಡೇಟಾದ ಮೂರು ನಕಲು ಇಡುವಂತಿದ್ದರೆ, ಮೂರೂ ನಕಲುಗಳು ಡಿಸ್ಕಿಗೆ ಸೇರಿದ ಮೇಲೇ ವಿಎಂಗೆ ‘ಆಯ್ತು’ ಅನ್ನುವ ಉತ್ತರ. ಹಾಗಾಗಿ ಮೂರರಲ್ಲಿ ನಿಧಾನವಾದದ್ದರ ವೇಗವೇ ಎಲ್ಲರ ವೇಗ. ಜೊತೆಗೆ ಸೆಫ್ ಪ್ರತಿ ರೈಟನ್ನೂ ಫ್ಲಶ್ ಮಾಡಿಸುತ್ತದೆ, ಅಂದರೆ ಖಾಯಂ ಆಗಿ ಉಳಿಯುವಂತೆ ಬರೆಸುತ್ತದೆ. ಸರ್ವರ್ ದರ್ಜೆಯ ಎಸ್‌ಎಸ್‌ಡಿಯಲ್ಲಿ ಕರೆಂಟ್ ಹೋದರೂ ಕ್ಯಾಶ್ (ತಾತ್ಕಾಲಿಕ ಮೆಮೊರಿ) ಉಳಿಸುವ ಕೆಪಾಸಿಟರ್ ಇರುತ್ತದೆ, ಅದು ತಕ್ಷಣ ಉತ್ತರ ಕೊಡಬಲ್ಲದು. ಅಗ್ಗದ್ದು ಫ್ಲ್ಯಾಶ್‌ಗೆ ಬರೆದು ಮುಗಿಸಲೇಬೇಕು.

ಖಚಿತ ಮಾಡಿಕೊಳ್ಳಲು ಅದೇ ಮಾಡೆಲ್‌ನ ಖಾಲಿ ಡಿಸ್ಕ್ ಮೇಲೆ ಡಿಸ್ಕ್ ವೇಗ ಅಳೆಯುವ ಎಫ್‌ಐಒ ಓಡಿಸಿದೆ: 4 ಕೆಬಿ ಬ್ಲಾಕ್, ಡೈರೆಕ್ಟ್ (ಆಪರೇಟಿಂಗ್ ಸಿಸ್ಟಂನ ಕ್ಯಾಶ್ ಬಿಟ್ಟು), ಸಿಂಕ್ (ಪ್ರತಿ ರೈಟೂ ಖಾಯಂ ಆಗುವವರೆಗೆ ಕಾದು), ಕ್ಯೂ ಡೆಪ್ತ್ 1 (ಒಮ್ಮೆಗೆ ಒಂದೇ ರೈಟ್). ಬಾಕ್ಸ್ ಮೇಲೆ ಅಚ್ಚಾದ ಸಾವಿರಗಟ್ಟಲೆ ಐಒಪಿಎಸ್ (ಸೆಕೆಂಡಿಗೆ ಎಷ್ಟು ರೀಡ್-ರೈಟ್) ಎಲ್ಲಿ, ಇದೆಲ್ಲಿ! ಸುಮ್ನೆ ಡಿಡಿ (ಡೇಟಾ ನಕಲಿಸುವ ಲಿನಕ್ಸ್ ಕಮಾಂಡ್) ಓಡಿಸಿ ಅಳೆಯಬೇಡಿ, ಅದು ಕ್ಯಾಶ್‌ನ ವೇಗ ತೋರಿಸಿ ಖುಷಿಪಡಿಸುತ್ತದೆ.

ಕೆಪಾಸಿಟರ್ ಇರುವ ಡಿಸ್ಕ್ ತರಿಸಿದೆವು. ಒಂದೊಂದೇ ಒಎಸ್‌ಡಿಯನ್ನು ‘ಔಟ್’ ಮಾಡಿ (ಅದರ ಡೇಟಾ ಬೇರೆ ಡಿಸ್ಕ್‌ಗಳಿಗೆ ಹೋಗುವಂತೆ ಮಾಡಿ), ಡೇಟಾ ಸರಿದು ಎಲ್ಲ ಸರಿಯಿದೆ ಎನ್ನುವ ‘ಹೆಲ್ತ್ ಓಕೆ’ ಬರುವವರೆಗೂ ಕಾದು, ನಂತರವೇ ಬದಲಿಸಿದೆ. ಇಲ್ಲಿ ಅವಸರ ಬೇಡ. ಕೊನೆಯ ಅಗ್ಗದ ಡಿಸ್ಕ್ ಹೊರಬಿದ್ದ ಮೇಲೆ ಡೇಟಾಬೇಸ್ ಕಮಿಟ್‌ಗಳು ಸಲೀಸಾದವು.